ವಿಕೆಟ್ ಲೆಕ್ಕ ನೋಡಿ ಬೌಲರ್ ತಗೋಬೇಡಿ

1/7

ಮೊದಲ ಫೋಟೋ ನೋಡಿ. ನಮ್ಮ ಗುಂಪಿನ ಹರಾಜಿನ ನೋಟ್‌ಬುಕ್, 2025ರ ಮಾರ್ಚ್ ತಿಂಗಳದ್ದು. ಮೂಲೆಯಲ್ಲಿ ಟೀ ಕಲೆ. ನನ್ನ ಹೆಸರಿನ ಕೆಳಗೆ ಎರಡು ಸಾಲಿಗೆ ಕೆಂಪು ಗೆರೆ ಎಳೆದಿರೋದು ಕಾಣ್ತಿದೆಯಲ್ಲ, ಅದನ್ನ ಎಳೆದವನು ಪಿರಿಯಾಪಟ್ಟಣದ ಗೆಳೆಯ. ಸೀಸನ್ ಮುಗಿದ ಮೇಲೆ, ನನ್ನನ್ನ ಆಡಿಕೊಳ್ಳೋಕೆ ಅಂತಲೇ ಎಳೆದಿದ್ದು.

ಹೊಸದಾಗಿ ಫಾಲೋ ಮಾಡ್ತಿರೋರಿಗೆ ಎರಡು ಮಾತು. ನಾವು ಎಂಟು ಜನ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕೂ ಕಡೆಯವರು. ಪ್ರತಿ ಐಪಿಎಲ್‌ಗೆ ಮುಂಚೆ ಒಂದು ಭಾನುವಾರ ಹುಣಸೂರಲ್ಲಿ ಕೂರ್ತೀವಿ. ತಲೆಗೆ 100 ಪಾಯಿಂಟ್, ಅದರಲ್ಲಿ 15 ಆಟಗಾರರನ್ನ ಕೂಗಿ ತಗೋಬೇಕು. ಸೀಸನ್ ಪೂರ್ತಿ ಅದೇ ಟೀಮ್. ಅವರು ಹೊಡೆದ ರನ್, ತೆಗೆದ ವಿಕೆಟ್, ಹಿಡಿದ ಕ್ಯಾಚ್, ಎಲ್ಲಕ್ಕೂ ಅಂಕ. ಬೌಲರ್ ಕಮ್ಮಿ ರನ್ ಕೊಟ್ರೆ ಅದಕ್ಕೂ ಅಂಕ, ಜಾಸ್ತಿ ಕೊಟ್ರೆ ಕಟ್. ಕೊನೇಲಿ ಬಂದವನು ಎಲ್ಲರಿಗೂ ಬಾಡೂಟ ಹಾಕಿಸಬೇಕು. ಅಷ್ಟೇ ಪಂಥ.

ದುಡ್ಡಿಲ್ಲ. ದುಡ್ಡು ಕಟ್ಟಿ ಆಡೋ ಫ್ಯಾಂಟಸಿ ಆ್ಯಪ್‌ಗಳ ಕಾಲ 2025ರ ಆಗಸ್ಟ್‌ಗೆ ಮುಗೀತು. ಆನ್‌ಲೈನ್ ಗೇಮಿಂಗ್ ಕಾನೂನು ಸಂಸತ್ತಲ್ಲಿ ಪಾಸಾಗಿ 22ನೇ ತಾರೀಖು ರಾಷ್ಟ್ರಪತಿಗಳ ಅಂಕಿತ ಬಿತ್ತು. ನಾನಂತೂ ಅತ್ತಿಲ್ಲ. ದಿನಾ ಸಂಜೆ 49 ರೂಪಾಯಿ ಕಟ್ಟಿ, 'ಇವತ್ತು ಬಂದೇ ಬರ್ತದೆ' ಅಂತ ಕೂತವರನ್ನ ನಮ್ಮೂರಲ್ಲೂ ನೋಡಿದ್ದೀನಿ, ನಿಮ್ಮೂರಲ್ಲೂ ಇದ್ದೇ ಇರ್ತಾರೆ. ಆ ಜ್ವರ ಬಿಟ್ಟಿದ್ದು ಒಳ್ಳೇದೇ ಆಯ್ತು. ಆದ್ರೆ ಅದರ ಜೊತೆಗಿದ್ದ ಒಂದು ಒಳ್ಳೆ ಅಭ್ಯಾಸನೂ ಹೋಗೋದು ಬೇಡ. ಅದೇ, ಆಟಗಾರನ ಲೆಕ್ಕ ಓದೋ ಅಭ್ಯಾಸ.

ಈಗ ಕೆಂಪು ಗೆರೆ ವಿಷಯ. ಆ ಭಾನುವಾರ ನಾನು ಇಬ್ಬರು ಬೌಲರ್‌ಗೆ 36 ಪಾಯಿಂಟ್ ಸುರಿದೆ. ಮೊಹಮ್ಮದ್ ಶಮಿಗೆ 19, ಹರ್ಷಲ್ ಪಟೇಲ್‌ಗೆ 17. ಕಾರಣ ಸುಲಭ: ಶಮಿ 2023ರ ಪರ್ಪಲ್ ಕ್ಯಾಪ್, 28 ವಿಕೆಟ್. ಹರ್ಷಲ್ 2024ರ ಪರ್ಪಲ್ ಕ್ಯಾಪ್, 24 ವಿಕೆಟ್. ಎರಡೂ ಟೋಪಿ ನನ್ನ ತಲೆ ಮೇಲೆ ಅಂದ್ಕೊಂಡೆ. ಟೋಪಿ ಬಿದ್ದಿದ್ದು ನಿಜ, ಆದ್ರೆ ಬೇರೆ ಥರ. ಶಮಿ ಆ ಸೀಸನ್ 9 ಪಂದ್ಯ ಆಡಿದ್ರು, ತೆಗೆದದ್ದು 6 ವಿಕೆಟ್. ಏಪ್ರಿಲ್ 12ರಂದು ಪಂಜಾಬ್ ಮೇಲೆ 4 ಓವರ್‌ಗೆ 75 ರನ್, ವಿಕೆಟ್ ಸೊನ್ನೆ. ಆ ರಾತ್ರಿ ಗುಂಪಿನಲ್ಲಿ ಬಂದ ಸ್ಟಿಕರ್‌ಗಳನ್ನ ಇಲ್ಲಿ ಹಾಕೋ ಹಾಗಿಲ್ಲ.

ಅದೇ ಹರಾಜಲ್ಲಿ ಕೆ.ಆರ್. ನಗರದವನು ಪ್ರಸಿದ್ಧ್ ಕೃಷ್ಣನ್ನ 4 ಪಾಯಿಂಟ್‌ಗೆ ತಗೊಂಡ. ನಾವೆಲ್ಲ ನಕ್ಕೆವು, 'ಎರಡು ಸೀಸನ್ ಐಪಿಎಲ್ ಆಡೇ ಇಲ್ವಲ್ಲೋ' ಅಂತ. ಪ್ರಸಿದ್ಧ್ 25 ವಿಕೆಟ್ ತೆಗೆದು 2025ರ ಪರ್ಪಲ್ ಕ್ಯಾಪ್ ಹಾಕೊಂಡ್ರು. ಬಾಡೂಟ ಹಾಕಿಸಿದವನು ನಾನು.

2/7

'ಅದೃಷ್ಟ ಕಣ್ರೀ' ಅಂತ ಬಿಟ್ಟುಬಿಡಬಹುದಿತ್ತು. ಸ್ವಲ್ಪ ಅದೃಷ್ಟನೂ ಹೌದು. ಪ್ರಸಿದ್ಧ್ ಟೋಪಿ ಗೆಲ್ತಾರೆ ಅಂತ ಆ ಪುಣ್ಯಾತ್ಮನಿಗೂ ಗೊತ್ತಿರಲಿಲ್ಲ, ಕೇಳಿದ್ರೆ ಒಪ್ಪಲ್ಲ ಅಷ್ಟೇ. ಆದ್ರೆ ನನ್ನ ತಪ್ಪು ದುರದೃಷ್ಟ ಅಲ್ಲ. ನಾನು ತಪ್ಪು ಕಾಲಂ ಓದಿದ್ದೆ.

2024ರ ಎರಡು ಸಾಲು ಬರೀತೀನಿ, ನೀವೇ ನೋಡಿ.

ಹರ್ಷಲ್ ಪಟೇಲ್: 49 ಓವರ್, 477 ರನ್, 24 ವಿಕೆಟ್.
ಜಸ್ಪ್ರೀತ್ ಬುಮ್ರಾ: 51.5 ಓವರ್, 336 ರನ್, 20 ವಿಕೆಟ್.

ಟೋಪಿ ಹರ್ಷಲ್‌ಗೆ. ನಾಲ್ಕು ವಿಕೆಟ್ ಜಾಸ್ತಿ. ಆದ್ರೆ ಆ ನಾಲ್ಕು ವಿಕೆಟ್‌ಗೆ ಕೊಟ್ಟ ಬೆಲೆ? 141 ರನ್ ಹೆಚ್ಚು, ಅದೂ ಸುಮಾರು ಮೂರು ಓವರ್ ಕಮ್ಮಿ ಹಾಕಿ. ಒಂದೊಂದು ಹೆಚ್ಚುವರಿ ವಿಕೆಟ್‌ಗೆ 35 ರನ್ ಬಿದ್ದಂಗಾಯ್ತು. ಬುಮ್ರಾ ಓವರ್‌ಗೆ 6.48, ಹರ್ಷಲ್ 9.73.

ಹರ್ಷಲ್‌ರನ್ನ ಹೀಗಳೀತಿಲ್ಲ. ಕೊನೆ ಓವರ್‌ಗಳಲ್ಲಿ ಆ ನಿಧಾನದ ಚೆಂಡು ಹಾಕೋಕೆ ಗುಂಡಿಗೆ ಬೇಕು. ಆದ್ರೆ ಕೊನೆ ಓವರ್‌ಗಳಲ್ಲಿ ಬ್ಯಾಟ್ಸ್‌ಮನ್ ಕಣ್ಮುಚ್ಚಿ ಬೀಸ್ತಾ ಇರ್ತಾನೆ. ಆರು ಚೆಂಡಲ್ಲಿ ಎರಡು ಸಿಕ್ಸರ್, ಒಂದು ಬೌಂಡರಿ ಗೆರೆ ಹತ್ರ ಕ್ಯಾಚ್. ಅದೂ ಒಂದು ವಿಕೆಟ್ಟೇ, ಪವರ್‌ಪ್ಲೇಯಲ್ಲಿ ಓಪನರ್‌ನ ಬೋಲ್ಡ್ ಮಾಡಿದ್ದೂ ಒಂದು ವಿಕೆಟ್ಟೇ. ಕಾಲಂನಲ್ಲಿ ಎರಡಕ್ಕೂ ಒಂದೇ ಅಂಕಿ.

ಇನ್ನೂ ಮುಖ್ಯವಾದ ಮಾತು: ಈ ವರ್ಷದ ವಿಕೆಟ್ ಮುಂದಿನ ವರ್ಷಕ್ಕೆ ಬರಲ್ಲ. ಹರ್ಷಲ್ 2021ರಲ್ಲಿ 32, 2022ರಲ್ಲಿ 19, 2023ರಲ್ಲಿ 14, 2024ರಲ್ಲಿ 24. ಇದನ್ನ ನೋಡಿ 2025ಕ್ಕೆ ಎಷ್ಟು ಅಂತ ಹೇಳ್ತೀರಿ? ಮೋಹಿತ್ ಶರ್ಮಾ 2023ರಲ್ಲಿ 27 ತೆಗೆದ್ರು, ಮುಂದಿನ ವರ್ಷ 13. ಈಗ ಬುಮ್ರಾ ಆಡಿದ ಐದು ಸೀಸನ್ ನೋಡಿ, 2020, 2021, 2022, 2024, 2025 (2023ರಲ್ಲಿ ಬೆನ್ನುನೋವು, ಆಡಲಿಲ್ಲ). ವಿಕೆಟ್: 27, 21, 15, 20, 18. ಬುಮ್ರಾ ಅಂಥವರಿಗೇ ವಿಕೆಟ್ ಮೇಲೆ ಕೆಳಗೆ ಆಗ್ತದೆ. ಆದ್ರೆ ಎಕಾನಮಿ? ಐದೂ ಸೀಸನ್ 6.48ರಿಂದ 7.45ರ ಒಳಗೇ.

ನಮ್ಮ ಕಡೆಯವರಿಗೆ ಇದನ್ನ ಹೇಳಿಕೊಡಬೇಕಾಗೇ ಇಲ್ಲ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹೊಗೆಸೊಪ್ಪಿನ ಹರಾಜು ಕಟ್ಟೆಗೆ ಒಂದು ಸಲ ಹೋಗಿ ನಿಂತವರಿಗೆ ಗೊತ್ತು. ಮೇಲೆ ಹೊಳೆಯೋ ಸೊಪ್ಪು ನೋಡಿ ಯಾವ ಖರೀದಿದಾರನೂ ರೇಟ್ ಕೂಗಲ್ಲ. ಬೇಲ್ ಒಳಗೆ ಕೈ ಹಾಕಿ, ಎಳೆದು, ಮುಟ್ಟಿ, ಮೂಸಿ ಆಮೇಲೆ. ನಮ್ಮಪ್ಪಂದಿರ ಬೇಲ್‌ಗೆ ಅಷ್ಟು ಹುಡುಕೋದನ್ನ ಕಣ್ಣಾರೆ ನೋಡಿ ಬೆಳೆದ ನಾವು, ಬೌಲರ್ ಕೊಳ್ಳೋವಾಗ ಮಾತ್ರ ಮೇಲಿನ ಎಲೆ ನೋಡಿ ಕೈ ಎತ್ತಿಬಿಡ್ತೀವಿ.

3/7

ಈ ತಪ್ಪು ಮಾಡಿದವರು ನಾವೇ ಮೊದಲಲ್ಲ. ಇಂಥ ಆಟದ ಹುಟ್ಟೂರಾದ ಅಮೆರಿಕದಲ್ಲಿ ಬೇಸ್‌ಬಾಲ್‌ನವರು ಇದನ್ನ ನಮಗಿಂತ ಮುಂಚೆ ಮಾಡಿ, ನಮಗಿಂತ ಮುಂಚೆ ತಿದ್ದಿಕೊಂಡ್ರು.

1980ರಲ್ಲಿ ಡೇನಿಯಲ್ ಓಕ್ರೆಂಟ್ ಅನ್ನೋ ಬರಹಗಾರ ಮತ್ತವರ ಗೆಳೆಯರು ನ್ಯೂಯಾರ್ಕಲ್ಲಿ ಒಂದು ಫ್ರೆಂಚ್ ಹೋಟೆಲಲ್ಲಿ ಕೂತು ಮಾತಾಡ್ತಾ ನಿಜವಾದ ಆಟಗಾರರನ್ನ ಪೇಪರ್ ಮೇಲೆ ಹರಾಜು ಹಾಕೋ ಆಟ ಶುರು ಮಾಡಿದ್ರು. ಹೋಟೆಲ್ ಹೆಸರಲ್ಲಿ ರೊಟಿಸರಿ ಇತ್ತು, ಆಟಕ್ಕೂ ಅದೇ ಹೆಸರು ಅಂಟಿಕೊಳ್ತು. ನಾವು ಹುಣಸೂರಲ್ಲಿ ಟೀ ಕುಡೀತಾ ಮಾಡೋದು ಅದನ್ನೇ.

ಅವರ ಪಿಚರ್ ಅಂದ್ರೆ ನಮ್ಮ ಬೌಲರ್. ಪಿಚರ್ ಹೆಸರಿನ ಮುಂದೆ ಅಲ್ಲಿ ಒಂದು ಕಾಲಂ ಇದೆ: ಗೆಲುವು. ಟೀಮ್ ಗೆದ್ರೆ ಆ ಗೆಲುವನ್ನ ಒಬ್ಬ ಪಿಚರ್ ಖಾತೆಗೆ ಬರೀತಾರೆ, ಸೋತ್ರೆ ಸೋಲನ್ನ ಇನ್ನೊಬ್ಬನ ಖಾತೆಗೆ. ವರ್ಷಾನುಗಟ್ಟಲೆ ಜನ ಆ ಕಾಲಂ ನೋಡಿಯೇ ಬೆಲೆ ಕಟ್ಟಿದ್ರು. ಅದ್ಭುತವಾಗಿ ಹಾಕಿಯೂ, ತನ್ನ ಟೀಮಿನವರು ರನ್ ಹೊಡೀಲಿಲ್ಲ ಅಂದ್ರೆ, ಪಿಚರ್ ಸೋತವನು. 2010ರಲ್ಲಿ ಫೆಲಿಕ್ಸ್ ಹೆರ್ನಾಂಡೆಜ್ ಗೆಲುವು 13, ಸೋಲು 12. ಆದ್ರೂ ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡೋ ಸೈ ಯಂಗ್ ಪ್ರಶಸ್ತಿ ಅವನಿಗೇ ಬಂತು. ಮತ ಹಾಕೋರು ಆ ಹೊತ್ತಿಗೆ ಬೇರೆ ಕಾಲಂ ಓದೋಕೆ ಕಲಿತಿದ್ರು. 2018ರಲ್ಲಿ ಜೇಕಬ್ ಡಿಗ್ರಾಮ್ ಗೆದ್ದಿದ್ದು 10, ಸೋತಿದ್ದು 9, ಪೂರ್ತಿ ಪಂದ್ಯಕ್ಕೆ ಬಿಟ್ಟುಕೊಟ್ಟ ರನ್ ಸರಾಸರಿ 1.70. ಅವನಿಗೂ ಅದೇ ಪ್ರಶಸ್ತಿ.

2001ರಲ್ಲಿ ವೊರೊಸ್ ಮೆಕ್ರಾಕನ್ ಅನ್ನೋರು ಇನ್ನೂ ಒಂದು ಹೆಜ್ಜೆ ಮುಂದೆ ಹೋದ್ರು. ಬ್ಯಾಟಿಗೆ ಚೆಂಡು ತಾಗಿ ಮೈದಾನದೊಳಗೆ ಬಿದ್ದ ಮೇಲೆ ಅದು ರನ್ ಆಗ್ತದೋ ಔಟ್ ಆಗ್ತದೋ ಅನ್ನೋದು ಪಿಚರ್ ಕೈಲಿ ಬಹಳ ಕಮ್ಮಿ, ಅದು ಫೀಲ್ಡರ್‌ಗಳದ್ದು ಮತ್ತು ಅದೃಷ್ಟದ್ದು ಅಂತ ಲೆಕ್ಕ ಹಾಕಿ ತೋರಿಸಿದ್ರು. ಹಾಗಾದ್ರೆ ಪಿಚರ್‌ನ ಅಳೆಯೋದು ಹೇಗೆ? ಅವನ ಕೈಲಿರೋದರಿಂದ. ಎಷ್ಟು ಜನಕ್ಕೆ ಚೆಂಡು ತಾಗಿಸೋಕೇ ಬಿಡಲಿಲ್ಲ, ಎಷ್ಟು ಜನಕ್ಕೆ ಪುಕ್ಕಟೆ ಬೇಸ್ ಕೊಟ್ಟ, ಎಷ್ಟು ಹೋಮ್ ರನ್ ಬಿಟ್ಟ.

ಇದನ್ನ ಹಂಗೇ ಕ್ರಿಕೆಟ್‌ಗೆ ಅಂಟಿಸೋಕೆ ಆಗಲ್ಲ, ನಮ್ಮಲ್ಲಿ ಬೌಲರ್ ಕೈಚಳಕಕ್ಕೇ ಮಿಡ್ ವಿಕೆಟ್‌ಗೆ ಕ್ಯಾಚ್ ಹೋಗ್ತದೆ. ಆದ್ರೆ ಪ್ರಶ್ನೆ ಮಾತ್ರ ಎತ್ತಿಕೊಳ್ಳಬಹುದು: ಈ ಅಂಕಿಯಲ್ಲಿ ಬೌಲರ್ ಪಾಲು ಎಷ್ಟು?

ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ ಕಥೆ ನಿಮಗೆಲ್ಲ ಗೊತ್ತು, ಆದ್ರೂ ಹೇಳ್ತೀನಿ. 1999ರ ಫೆಬ್ರವರಿ 7, ದೆಹಲಿ, ಪಾಕಿಸ್ತಾನದ ಎರಡನೇ ಇನಿಂಗ್ಸ್. ಕುಂಬ್ಳೆ 9 ವಿಕೆಟ್ ತೆಗೆದಾಗಿದೆ. ಇನ್ನೊಂದು ತುದಿಯಿಂದ ಶ್ರೀನಾಥ್ ಬೇಕು ಅಂತಲೇ ಸ್ಟಂಪ್‌ನಿಂದ ದೂರ ಹಾಕಿದ್ರು, ಹತ್ತನೇದೂ ಕುಂಬ್ಳೆಗೇ ಸಿಗಲಿ ಅಂತ. ಸ್ಕೋರ್‌ಕಾರ್ಡಲ್ಲಿ ಕುಂಬ್ಳೆ 74ಕ್ಕೆ 10, ಶ್ರೀನಾಥ್ ಮುಂದೆ ಸೊನ್ನೆ. ಆ ಸೊನ್ನೆ ಓದಿ ಯಾರಾದ್ರೂ ಶ್ರೀನಾಥ್‌ಗೆ ಬೆಲೆ ಕಟ್ಟಿದ್ರೆ? ಅದೇ ತಿಂಗಳು ಕೋಲ್ಕತ್ತಾದಲ್ಲಿ ಅದೇ ಪಾಕಿಸ್ತಾನದ ಮೇಲೆ ಒಂದೇ ಟೆಸ್ಟಲ್ಲಿ 13 ವಿಕೆಟ್ ತೆಗೆದ್ರು. ಟೆಸ್ಟ್ ನಾವು ಸೋತೆವು, ಅದು ಬೇರೆ ಹೊಟ್ಟೆಯುರಿ.

4/7

ಈ ಸರಣಿ ಬರೆಯೋಕೆ ನಿಜವಾದ ಕಾರಣ ವಿಜಯ್‌ಕುಮಾರ್ ವೈಶಾಖ್. ನಮ್ಮ ಕರ್ನಾಟಕದ ಹುಡುಗ. ಅವರ ಎರಡು ರಾತ್ರಿ ಪಕ್ಕಪಕ್ಕ ಇಡ್ತೀನಿ.

ಮೊದಲನೇದು 2024ರ ಏಪ್ರಿಲ್ 15, ಚಿನ್ನಸ್ವಾಮಿ. ಹೈದರಾಬಾದ್ 3 ವಿಕೆಟ್‌ಗೆ 287. ವೈಶಾಖ್ 4 ಓವರ್, 64 ರನ್, ವಿಕೆಟ್ ಇಲ್ಲ. ಆರ್‌ಸಿಬಿ ತಿರುಗಿ 262 ಹೊಡೀತು, ಅಂದ್ರೆ ಒಂದೇ ಮ್ಯಾಚಲ್ಲಿ 549 ರನ್. ಅವತ್ತು ಆ ಮೈದಾನದಲ್ಲಿ ಯಾವ ಬೌಲರ್ ಆದ್ರೂ ಏನು ಮಾಡಬೇಕಿತ್ತು? ನಾವೆಲ್ಲ ಫೋನಲ್ಲಿ ಬೈದದ್ದು ಮಾತ್ರ ವೈಶಾಖ್‌ಗೆ. ನಾನೂ ಬೈದಿದ್ದೆ. ಹಳೆ ಸ್ಟೋರಿ ಆರ್ಕೈವಲ್ಲಿದೆ, ಅಳಿಸಿಲ್ಲ.

ಎರಡನೇದು 2025ರ ಮಾರ್ಚ್ 25, ಅಹಮದಾಬಾದ್. ಈಗ ಪಂಜಾಬ್ ಟೀಮ್. ಪಂಜಾಬ್ 243 ಹೊಡೆದಿದೆ, ಗುಜರಾತ್ ಬಿಡದೆ ಬೆನ್ನಟ್ಟಿದೆ. ಇಂಪ್ಯಾಕ್ಟ್ ಪ್ಲೇಯರ್ ಆಗಿ ವೈಶಾಖ್ ಇಳೀತಾರೆ, ಅದೂ ಇನಿಂಗ್ಸ್ ಕೊನೆ ಹಂತಕ್ಕೆ. ಆಫ್ ಸ್ಟಂಪ್ ಆಚೆ, ವೈಡ್ ಗೆರೆ ಹತ್ರ, ಒಂದರ ಹಿಂದೆ ಒಂದು ಯಾರ್ಕರ್. ಮೊದಲ ಎರಡು ಓವರ್‌ಗೆ 10 ರನ್. ಗುಜರಾತ್ ಉಸಿರು ಅಲ್ಲೇ ಕಟ್ಟಿತು. ಪಂಜಾಬ್ ಗೆದ್ದಿದ್ದು 11 ರನ್ನಿಂದ.

ವೈಶಾಖ್ ಲೆಕ್ಕ: 3 ಓವರ್, 28 ರನ್, ವಿಕೆಟ್ ಇಲ್ಲ.

ನಮ್ಮ ಗುಂಪಿನ ಅಂಕದಲ್ಲಿ ಅವತ್ತು ವೈಶಾಖ್‌ಗೆ ಸಿಕ್ಕಿದ್ದು ಏನೂ ಇಲ್ಲ ಅನ್ನೋ ಅಷ್ಟು. ಎಕಾನಮಿ 9.33 ಅಂತ ಕಟ್ ಬೇರೆ ಆಯ್ತು. 475 ರನ್ ಬಿದ್ದ ಮ್ಯಾಚು, ಎರಡೂ ಕಡೆ ಸೇರಿ ಓವರ್‌ಗೆ ಹತ್ರಹತ್ರ 12. ಅದರಲ್ಲಿ ಎಲ್ಲಕ್ಕಿಂತ ಕಷ್ಟದ ಹೊತ್ತಲ್ಲಿ ಹಾಕಿ 9.33 ಕೊಟ್ಟವನಿಗೆ ನಾವು ದಂಡ ಹಾಕಿದ್ವಿ. ಅದೇ ರಾತ್ರಿ ಪವರ್‌ಪ್ಲೇ ಮುಗಿದ ಮೇಲೆ ಎರಡು ಓವರ್ ಹಾಕಿ 18 ಕೊಟ್ಟವನು ಇದ್ದಿದ್ದರೆ, ನಮ್ಮ ಪುಸ್ತಕದಲ್ಲಿ ಅವನೇ ಮೇಲು.

ಎಕಾನಮಿ ನೋಡಿ ಅಂದೆ, ನಿಜ. ಆದ್ರೆ ಬರೀ ಎಕಾನಮಿ ನೋಡಿದ್ರೆ ಇನ್ನೊಂದು ಗುಂಡಿಗೆ ಬೀಳ್ತೀರಿ. ಯಾವ ಓವರ್? ಯಾವ ಮೈದಾನ? ಆ ಮ್ಯಾಚಲ್ಲಿ ಉಳಿದವರು ಎಷ್ಟು ಕೊಟ್ರು? 8.5 ಎಕಾನಮಿ ಏಳರಿಂದ ಹದಿನೈದನೇ ಓವರ್ ಹಾಕುವವನಿಗೆ ಸಾಧಾರಣ, ಹದಿನೆಂಟನೇದೂ ಇಪ್ಪತ್ತನೇದೂ ಹಾಕುವವನಿಗೆ ಬಂಗಾರ. 2023ರಲ್ಲಿ ಇಂಪ್ಯಾಕ್ಟ್ ಪ್ಲೇಯರ್ ಬಂದ ಮೇಲೆ ಒಬ್ಬ ಬ್ಯಾಟ್ಸ್‌ಮನ್ ಜಾಸ್ತಿ ಆಗಿ ಎಲ್ಲರ ಲೆಕ್ಕವೂ ಏರಿದೆ. ಹಂಗಾಗಿ 2019ರ ಎಂಟಕ್ಕೂ ಈಗಿನ ಎಂಟಕ್ಕೂ ಒಂದೇ ತೂಕ ಅಲ್ಲ.

5/7

'ಹಾಗಾದ್ರೆ ನೀನು ಏನು ನೋಡ್ತೀಯಪ್ಪ?' ಅಂತ ಹಿಂದಿನ ಪೋಸ್ಟ್‌ಗೆ ಬಹಳ ಜನ ಕೇಳಿದ್ರು.

ಮೊದಲು ನೋಡೋದು ಓವರ್. ಆಡೋ ಹನ್ನೊಂದರಲ್ಲಿ ಇವನು ಖಚಿತವೋ ಇಲ್ವೋ, ಖಚಿತ ಆದ್ರೆ ನಾಲ್ಕು ಓವರ್ ಪೂರ್ತಿ ಹಾಕ್ತಾನೋ ಇಲ್ವೋ. ಡಗೌಟಲ್ಲಿ ಕೂತ ಮಹಾನ್ ಬೌಲರ್‌ಗಿಂತ 14 ಪಂದ್ಯವೂ ನಾಲ್ಕು ಓವರ್ ಹಾಕೋ ಸಾಧಾರಣ ಬೌಲರ್ ಮೇಲು. ಕೆ.ಆರ್. ನಗರದವನು ಪ್ರಸಿದ್ಧ್‌ನ ತಗೊಂಡಿದ್ದು ಇದೇ ಲೆಕ್ಕದಲ್ಲಿ. 'ಗುಜರಾತ್‌ನೋರು 9.5 ಕೋಟಿ ಕೊಟ್ಟಿರೋದು ಬೆಂಚ್ ಮೇಲೆ ಕೂರಿಸೋಕಾ? 2022ರಲ್ಲಿ ರಾಜಸ್ಥಾನಕ್ಕೆ 17 ಪಂದ್ಯ ಆಡಿ 19 ತೆಗೆದಿದ್ದ, ಮೈ ಸರಿ ಇದ್ರೆ ಸಾಕು' ಅಂದಿದ್ದ. ನಾವು ಕೇಳಿಸಿಕೊಳ್ಳಲಿಲ್ಲ.

ಮೈ. ವೇಗದ ಬೌಲರ್‌ಗೆ ಇದಕ್ಕಿಂತ ದೊಡ್ಡ ಅಂಕಿ ಇಲ್ಲ, ಯಾವ ಕಾಲಂನಲ್ಲೂ ಇದು ಕಾಣಲ್ಲ. ಪ್ರಸಿದ್ಧ್ ಬೆನ್ನುಮೂಳೆ ಬಿರುಕಿನಿಂದ 2023 ಕಳಕೊಂಡ್ರು, ತೊಡೆ ಸ್ನಾಯುವಿನ ಆಪರೇಷನ್‌ನಿಂದ 2024. ಶಮಿ ಕಣಕಾಲಿನ ಆಪರೇಷನ್ ಮಾಡಿಸಿಕೊಂಡು 2024 ಪೂರ್ತಿ ಆಡಲಿಲ್ಲ. ಇಬ್ಬರೂ ಗಾಯದಿಂದ ಎದ್ದು ಬಂದವರೇ. ಆದ್ರೆ ಒಬ್ಬರಿಗೆ ವಯಸ್ಸು 29, ಇನ್ನೊಬ್ಬರಿಗೆ 34. ನಾನು 34ಕ್ಕೆ 19 ಪಾಯಿಂಟ್ ಕೊಟ್ಟೆ, ಅವನು 29ಕ್ಕೆ 4. ಈಗ ಬರೆಯೋವಾಗ ನನಗೇ ನಗು ಬರ್ತದೆ.

ಆಮೇಲೆ ಡಾಟ್ ಬಾಲ್. ವಿಕೆಟ್‌ಗೆ ಕ್ಯಾಚ್ ಹಿಡಿಯೋನು ಬೇಕು, ಅಂಪೈರ್ ಬೆರಳು ಬೇಕು. ಡಾಟ್‌ಗೆ ಅಷ್ಟೆಲ್ಲ ಬೇಡ. ಡಾಟ್ ಹಾಕೋ ಬೌಲರ್‌ಗೆ ವಿಕೆಟ್ ಇವತ್ತಲ್ಲ ನಾಳೆ ಬರ್ತದೆ, ಕೆಲವು ಸಲ ಅವನ ಜೊತೆಗಾರನಿಗೆ ಬರ್ತದೆ, ಅದು ಬೇರೆ ಅನ್ಯಾಯ. ಸುನಿಲ್ ನರೈನ್ ಇಷ್ಟು ವರ್ಷ ಐಪಿಎಲ್ ಆಡಿಯೂ ಓವರ್‌ಗೆ ಏಳರ ಒಳಗೇ ಇದ್ದಾರೆ. ಆ ಕಡೆ ರನ್ ಬರಲ್ಲ ಅಂತ ಈ ಕಡೆ ಎತ್ತಿ ಹೊಡೆಯೋಕೆ ಹೋಗಿ ಔಟ್ ಆದವರನ್ನೆಲ್ಲ ಅವರ ಲೆಕ್ಕಕ್ಕೆ ಬರೆದಿದ್ದರೆ ಎಷ್ಟಾಗ್ತಿತ್ತೋ.

ಕೊನೆಗೆ ತಾಳ್ಮೆ. 2024ರಲ್ಲಿ ಕೆಕೆಆರ್ ಮಿಚೆಲ್ ಸ್ಟಾರ್ಕ್‌ಗೆ 24.75 ಕೋಟಿ ಕೊಡ್ತು. ಮೊದಲ ಎರಡು ಪಂದ್ಯದಲ್ಲಿ 8 ಓವರ್, ಸರಿಯಾಗಿ 100 ರನ್, ವಿಕೆಟ್ ಸೊನ್ನೆ. ಎಚ್.ಡಿ. ಕೋಟೆಯವನು ಗಾಬರಿಯಾಗಿ ಸ್ಟಾರ್ಕ್‌ನ ಅಗ್ಗಕ್ಕೆ ಕೊಟ್ಟುಬಿಟ್ಟ, ಆಗ ನಮ್ಮಲ್ಲಿ ಅದಲುಬದಲು ಮಾಡಿಕೊಳ್ಳೋಕೆ ಅವಕಾಶ ಇತ್ತು. ಮೊದಲ ಕ್ವಾಲಿಫೈಯರ್‌ನಲ್ಲಿ ಸ್ಟಾರ್ಕ್ ಪಂದ್ಯಶ್ರೇಷ್ಠ. ಫೈನಲ್ಲಲ್ಲೂ ಪಂದ್ಯಶ್ರೇಷ್ಠ, 3 ಓವರ್, 14 ರನ್, 2 ವಿಕೆಟ್. 48 ಚೆಂಡು ನೋಡಿ ಒಬ್ಬನ ಹಣೆಬರಹ ಬರೀಬೇಡಿ.

6/7

ಇಲ್ಲಿವರೆಗೆ ಐಪಿಎಲ್, ಬಾಡೂಟ, ತಮಾಷೆ. ಈಗ ಫೋಟೋ ನೋಡಿ. ನಮ್ಮ ಕಡೆಯ ಒಂದು ಮೈದಾನ, ಸಂಜೆ, ಫ್ಲಡ್‌ಲೈಟ್ ಇನ್ನೂ ಹತ್ತಿಲ್ಲ. ಬೆನ್ನು ಕಾಣ್ತಿರೋ ಹುಡುಗನನ್ನ ಕೇಳಿಯೇ ತೆಗೆದದ್ದು. ಹೆಸರು ಹಾಕಲ್ಲ.

ನಾಲ್ಕೂ ತಾಲ್ಲೂಕಲ್ಲಿ ಈಗ ಟೆನಿಸ್ ಬಾಲ್ ಲೀಗ್‌ಗೂ ಹರಾಜು ಉಂಟಲ್ಲ. ಹುಡುಗರು ಎಂಟ್ರಿ ಕಟ್ಟಿ ಹೆಸರು ಕೊಡ್ತಾರೆ, ಓನರ್‌ಗಳು ಶಾಮಿಯಾನದ ಕೆಳಗೆ ಮೇಜು ಹಾಕ್ಕೊಂಡು ಕೂರ್ತಾರೆ, ಮೈಕಲ್ಲಿ ಒಬ್ಬೊಬ್ಬರ ಹೆಸರು ಕೂಗ್ತಾರೆ. ಹಿಂದೆ ಎಲ್ಲ ಮುಖ ನೋಡಿ, ಊರು ನೋಡಿ ಕೂಗ್ತಿದ್ರು. ಈಗ ಎಲ್ಲರ ಕೈಲೂ ಕ್ರಿಕ್‌ಹೀರೋಸ್ ಆ್ಯಪ್. ಹೆಸರು ಬಂದ ತಕ್ಷಣ ಫೋನ್ ತೆಗೆದು ಲೆಕ್ಕ ನೋಡ್ತಾರೆ. ಒಳ್ಳೇದೇ. ಯಾರ ಮಗ, ಯಾವ ಬೀದಿ ಅನ್ನೋದಕ್ಕಿಂತ ಅಂಕಿ ನೋಡಿ ತಗೊಳ್ಳೋದು ನೂರು ಪಾಲು ಮೇಲು. ಆದ್ರೆ ನೋಡೋದು ಎರಡೇ ಅಂಕಿ, ವಿಕೆಟ್ ಮತ್ತು ಎಕಾನಮಿ.

ಹೋದ ವರ್ಷ ಒಂದು ಟೀಮ್ ಓನರ್ ಪಕ್ಕ ಲೆಕ್ಕ ನೋಡಿಕೊಡೋಕೆ ಅಂತ ನನ್ನನ್ನ ಕೂರಿಸಿಕೊಂಡಿದ್ರು. ಈ ಹುಡುಗನ ಹೆಸರು ಬಂತು. ನಾನು ಅವನನ್ನ ನೋಡಿದ್ದೆ. ಎಂಟು ಓವರ್ ಮ್ಯಾಚು, ಒಬ್ಬನಿಗೆ ಎರಡೇ ಓವರ್. ಕ್ಯಾಪ್ಟನ್ ಅವನಿಗೆ ಕೊಡೋದು ಯಾವಾಗಲೂ ಆರನೇದು ಮತ್ತು ಎಂಟನೇದು. ಬೇರೆ ಯಾರೂ ಕೈ ಚಾಚದ ಓವರ್. ಒಂದು ಮ್ಯಾಚಲ್ಲಿ ಕೊನೆ ಓವರ್‌ಗೆ 11 ಬೇಕಿತ್ತು, ಇವನು 8 ಕೊಟ್ಟು ಗೆಲ್ಲಿಸಿದ. ಆ್ಯಪ್‌ನಲ್ಲಿ ಅದು ಬರೀ ಎಕಾನಮಿ 8. ಮೊದಲ ಓವರಲ್ಲಿ, ಬ್ಯಾಟ್ಸ್‌ಮನ್ ಇನ್ನೂ ಕಣ್ಣು ಕೂರಿಸಿಕೊಳ್ಳುವಾಗ, 6 ಕೊಟ್ಟವನು ಪಟ್ಟಿಯಲ್ಲಿ ಇವನಿಗಿಂತ ಮೇಲೆ.

ಓನರ್ ಫೋನ್ ನೋಡಿದ್ರು. 'ಹತ್ತರ ಮೇಲೆ ಹೊಡೆಸಿಕೊಳ್ತಾನಲ್ಲ' ಅಂದ್ರು. ನನ್ನ ಕಡೆ ತಿರುಗಿದ್ರು.

ನಾನು ಬಾಯಿ ಬಿಡಲಿಲ್ಲ. ಪಕ್ಕದ ಮೇಜಿನವರು ನಗ್ತಾರೇನೋ ಅಂತಲೋ, ಇಷ್ಟೆಲ್ಲ ವಿವರಿಸೋಕೆ ಅದು ಜಾಗ ಅಲ್ಲ ಅಂತಲೋ, ಗೊತ್ತಿಲ್ಲ. ಮೈಕಲ್ಲಿ ಮೂರು ಸಲ ಕೂಗಿದ್ರು. ಅನ್‌ಸೋಲ್ಡ್. ಹುಡುಗ ಹಿಂದಿನ ಸಾಲಲ್ಲಿ ಗೆಳೆಯರ ಜೊತೆ ನಿಂತಿದ್ದ, ಎಲ್ಲರಿಗಿಂತ ಮುಂಚೆ ಅವನೇ ನಕ್ಕ. ಆ ನಗು ನಿಮಗೂ ಗೊತ್ತಿರ್ತದೆ.

ಆಮೇಲೆ ಇನ್ನೊಂದು ಊರಿನ ಟೂರ್ನಮೆಂಟಲ್ಲಿ ಸಿಕ್ಕಿದ. ಮ್ಯಾಚ್ ಶುರುವಾಗೋ ಮುಂಚೆ ಕ್ಯಾಪ್ಟನ್ ಹತ್ರ ಹೋಗಿ, 'ಅಣ್ಣ, ನಂಗೆ ಎರಡನೇ ಓವರ್ ಕೊಡಿ, ಕೊನೇದು ಬೇಡ' ಅಂತಿದ್ದ. ನನ್ನ ಕಿವಿಗೇ ಬಿತ್ತು. ಅವನಿಗೂ ಲೆಕ್ಕ ಅರ್ಥ ಆಗಿತ್ತು, ನಮಗಿಂತ ಚೆನ್ನಾಗಿ.

7/7

'ಟೆನಿಸ್ ಬಾಲ್ ಕ್ರಿಕೆಟ್‌ಗೆ ಇಷ್ಟೆಲ್ಲ ಯಾಕೆ ಗುರು' ಅಂತ ಕಾಮೆಂಟ್ ಬಂದೇ ಬರ್ತದೆ, ಈಗಲೇ ಉತ್ತರ ಹೇಳ್ತೀನಿ. ಐಪಿಎಲ್ ಬೌಲರ್‌ಗೆ ನಾವು ಕಟ್ಟೋ ಬೆಲೆಯಿಂದ ಅವರಿಗೆ ಮೂರು ಕಾಸಿನ ನಷ್ಟ ಇಲ್ಲ. ವೈಶಾಖ್ ಹೆಸರಿಗೆ ನಾವು ಹಾಕಿದ ಮೈನಸ್ ಅವರಿಗೆ ಗೊತ್ತೂ ಆಗಲ್ಲ. ನಮ್ಮೂರ ಹುಡುಗನಿಗೆ ಗೊತ್ತಾಗ್ತದೆ, ಮೈಕಲ್ಲಿ, ಎಲ್ಲರ ಮುಂದೆ. ಮುಂದಿನ ಸಲ ಅವನು ಹೆಸರು ಕೊಡಬೇಕೋ ಬೇಡವೋ ಅಂತ ಯೋಚನೆ ಮಾಡ್ತಾನೆ.

ಇನ್ನೊಂದು ಆಕ್ಷೇಪಣೆ ಎಚ್.ಡಿ. ಕೋಟೆ ಗೆಳೆಯನದ್ದು, ಅದರಲ್ಲಿ ತೂಕ ಇದೆ. 'ನಮ್ಮ ಹುಡುಗರು ಸೀಸನ್‌ಗೆ ಹಾಕೋದೇ ಹತ್ತು ಓವರ್, 60 ಚೆಂಡಲ್ಲಿ ನೀನು ಯಾವ ಓವರ್, ಯಾವ ಮೈದಾನ ಅಂತ ಬಿಡಿಸೋಕೆ ಹೋದ್ರೆ ಉಳಿಯೋದೇನು?' ಅಂತಾನೆ. ಸರಿ. ಅಷ್ಟು ಕಮ್ಮಿ ಚೆಂಡಲ್ಲಿ ಅಂಕಿ ಏನೂ ಸಾಬೀತು ಮಾಡಲ್ಲ. ಆದ್ರೆ ಆ ಮಾತು ಎರಡೂ ಕಡೆ ಕೊಯ್ತದೆ: ಆ 60 ಚೆಂಡಿನ ಎಕಾನಮಿ ನೋಡಿ ಒಬ್ಬನನ್ನ ಬಿಡೋದೂ ತಪ್ಪೇ ತಾನೆ? ಅಷ್ಟು ಕಮ್ಮಿ ಲೆಕ್ಕ ಇರೋ ಕಡೆ ನಾನು ನಂಬೋದು ಒಂದನ್ನೇ, ಅವನ ಕ್ಯಾಪ್ಟನ್ ಅವನಿಗೆ ಯಾವ ಓವರ್ ಕೊಟ್ಟ ಅನ್ನೋದು. ದಿನಾ ಜೊತೆಗೆ ಆಡೋ ಕ್ಯಾಪ್ಟನ್ ಗೆಲ್ಲಬೇಕಾದ ಓವರ್‌ನ ಸುಮ್ಮನೆ ಯಾರ ಕೈಗೂ ಕೊಡಲ್ಲ.

ಹಂಗಾಗಿ ಲೀಗ್ ಮಾಡೋ ಅಣ್ಣಂದಿರಿಗೆ ಒಂದೇ ಕೋರಿಕೆ. ಹರಾಜಿನ ಹಾಳೆಯಲ್ಲಿ ಹೆಸರು, ಊರು, ವಿಕೆಟ್, ಎಕಾನಮಿ ಪಕ್ಕ ಇನ್ನೊಂದು ಕಾಲಂ ಎಳೀರಿ: 'ಹಾಕೋ ಓವರ್'. ಮೊದಲನೇದಾ, ನಡುವಿನದ್ದಾ, ಕೊನೇದಾ. ಆ್ಯಪ್‌ನಲ್ಲಿ ಚೆಂಡು ಚೆಂಡಿನ ಸ್ಕೋರ್ ಹಾಕಿದ್ದರೆ ಅಲ್ಲೇ ಸಿಗ್ತದೆ, ಹೊಸದಾಗಿ ಏನೂ ಕಷ್ಟ ಪಡಬೇಕಾಗಿಲ್ಲ. ಆಗೋದಾದ್ರೆ ಸ್ಕೋರ್ ಬರೆಯೋ ಹುಡುಗನಿಗೆ ಹೇಳಿ, ಬಿಟ್ಟ ಕ್ಯಾಚಿಗೂ ಒಂದು ಚುಕ್ಕೆ ಹಾಕಲಿ. ನಮ್ಮ ಮೈದಾನಗಳಲ್ಲಿ ಬೌಲರ್‌ಗಳ ಅರ್ಧ ವಿಕೆಟ್ ಆ ಚುಕ್ಕೆಗಳಲ್ಲೇ ಇರ್ತದೆ, ಮಿಡ್ ಆನ್‌ನಲ್ಲಿ ನಿಂತು ಬಿಟ್ಟವರಲ್ಲಿ ನಾನೂ ಒಬ್ಬ.

ನಮ್ಮ ಗುಂಪಿನ ಐಪಿಎಲ್ ಆಟದ ಅಂಕವನ್ನೂ ಬದಲಾಯಿಸಿದ್ದೀವಿ. ಎಕಾನಮಿಗೆ ಕಟ್ ಹಾಕೋದು ಇನ್ನು ಮೇಲೆ ಆ ಮ್ಯಾಚಿನ ಒಟ್ಟು ರನ್‌ರೇಟ್‌ಗೆ ಹೋಲಿಸಿ, ಡಾಟ್ ಬಾಲ್‌ಗೆ ಒಂದೊಂದು ಅಂಕ. ಪಿರಿಯಾಪಟ್ಟಣದವನು ಮಾತ್ರ ಇನ್ನೂ ಒಪ್ಪಿಲ್ಲ, 'ವಿಕೆಟ್ ಅಂದ್ರೆ ವಿಕೆಟ್ಟೇ ಕಣೋ' ಅಂತ ಕೂತಿದ್ದಾನೆ. ಈ ಸಲದ ಬಾಡೂಟ ಅವನದ್ದೇ ಅಂತ ನನ್ನ ಅಂದಾಜು.

ಈ ಹುಡುಗ ಮುಂದಿನ ಹರಾಜಿಗೆ ಹೆಸರು ಕೊಟ್ಟಿದ್ದಾನೆ. ಅದೇ ಓನರ್ ಪಕ್ಕ ನಾನೂ ಕೂರ್ತೀನಿ, ಈ ಸಲ ಅವನ ಕೊನೆ ಓವರ್‌ಗಳನ್ನೆಲ್ಲ ಹಾಳೆ ಮೇಲೆ ಬರ್ಕೊಂಡು ಹೋಗ್ತಿದ್ದೀನಿ.

ನಿಮ್ಮೂರಲ್ಲಿ ಕೊನೆ ಓವರ್ ಯಾರು ಹಾಕ್ತಾರೆ? ಕಾಮೆಂಟಲ್ಲಿ ಊರು, ಎಷ್ಟು ರನ್ ಬೇಕಿತ್ತು, ಎಷ್ಟು ಕೊಟ್ಟ ಅಂತ ಬರೀರಿ. ವಿಕೆಟ್ ಬರೀಬೇಡಿ.

#ಹುಣಸೂರು #ಪಿರಿಯಾಪಟ್ಟಣ #ಕೆಆರ್‌ನಗರ #ಎಚ್‌ಡಿಕೋಟೆ #ಟೆನಿಸ್‌ಬಾಲ್ #ಕೊನೆಓವರ್